ಗೆಣಸಿನ ಪಾತಿಯ ನೀರು

ಹೂವಿನ ಗಿಡವೊಂದರ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನಾನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಏಕೆಂದರೆ ಅದು ಇನ್ನೂ ಹೋಗಿಲ್ಲ. ಹೊಸೂರಿನ ಆಲಸನತ್ತಂನ ನಮ್ಮ ಮನೆಯ ತಾರಸಿಯಲ್ಲಿ ಈಗ ಒಂದು ಡೇಲಿಯಾ ಕುಂಡವಿದೆ. ಅದರ ಪಕ್ಕದಲ್ಲಿ ಉದ್ದಕ್ಕೆ ಸೀಳಿದ ನೀಲಿ ಡ್ರಮ್ಮಿನಲ್ಲಿ ಗೆಣಸಿನ ಬಳ್ಳಿ ಹಬ್ಬಿಸಿದ್ದೇನೆ. ಬಟ್ಟೆ ಒಣಗಿಸಲು ಮೇಲೆ ಬರುವ ಕೆಳಮನೆಯ ಹೆಂಗಸರು ಡೇಲಿಯಾದ ಮುಂದೆ ನಿಂತು ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಹಸಿ ಬಟ್ಟೆಯ ಬಕೆಟ್ಟನ್ನು ಮಾತ್ರ ಸೀದಾ ನನ್ನ ಗೆಣಸಿನ ಬಳ್ಳಿಯ ಮೇಲೆ ಇಡುತ್ತಾರೆ. ಅಲ್ಲಿ ಇಡಬೇಡಿ, ಗಿಡ ಇದೆ ಎಂದು ನಾನು ಹೇಳಿದರೆ, ಓ ಇದೂ ಗಿಡವಾ ಎಂದು ಆಶ್ಚರ್ಯಪಡುತ್ತಾರೆ. ಆಗ ನನ್ನ ಹೊಟ್ಟೆಯೊಳಗೆ ಹಳೆಯದೊಂದು ಕೆಂಡ ಮತ್ತೆ ಕಣ್ಣುಬಿಡುತ್ತದೆ. ಅವರ ತಪ್ಪೇನೂ ಇಲ್ಲ. ಈ ಕೆಂಡ ಹತ್ತಿಕೊಂಡದ್ದು ಗುಮ್ಮಳಾಪುರದ ನಮ್ಮ ಹಿತ್ತಲಿನಲ್ಲಿ, ಆಗ ನಾನಿನ್ನೂ ಲಂಗ ಜಾಕೀಟು ಹಾಕುತ್ತಿದ್ದ ಹುಡುಗಿ.

ನಮ್ಮದು ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಎಡಕ್ಕೆ ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡು ಬಚ್ಚಲು. ಹಿತ್ತಲು ಎಂದು ಕರೆಯುತ್ತಿದ್ದೆವೇ ಹೊರತು ಅದು ಮನೆಯ ಹಿಂದೆ ಇರಲಿಲ್ಲ, ಪಕ್ಕಕ್ಕಿತ್ತು. ತಳಿ ಊರಿನ ಕಡೆಯ ಬಸ್ಸು ಹಿಡಿಯಲು ಹೋಗುವವರೆಲ್ಲ ಅದರ ಬೇಲಿಯನ್ನು ಸವರಿಕೊಂಡೇ ಹೋಗಬೇಕಿತ್ತು. ಬಳಸುವ ನೀರನ್ನೆಲ್ಲ ಬೀದಿಯ ಕೊನೆಯ ಬೋರಿನಿಂದ ಸೊಂಟದ ಮೇಲೆ ಹೊತ್ತು ತರಬೇಕಾಗಿದ್ದರಿಂದ, ಗಿಡಕ್ಕೆ ಎಂದು ಬೇರೆ ನೀರು ತರುವುದನ್ನು ಯಾರೂ ಕನಸಿನಲ್ಲೂ ಯೋಚಿಸುತ್ತಿರಲಿಲ್ಲ. ಹಿತ್ತಲಿಗೆ ಸಿಗುತ್ತಿದ್ದುದು ಬಚ್ಚಲ ನೀರು. ಮನೆಮಂದಿ ಮಿಂದದ್ದು, ಪಾತ್ರೆ ತೊಳೆದದ್ದು, ರಾಗಿ ಮುದ್ದೆಯ ತಟ್ಟೆಗೆ ಕೈತೊಳೆದು ಚೆಲ್ಲಿದ್ದು, ಎಲ್ಲ ಸೇರಿ ಗೋಡೆಯ ತೂತಿನಿಂದ ಹೊರಗೆ ಬಿದ್ದು, ಗುದ್ದಲಿಯಲ್ಲಿ ಗೀರಿದ ಸಣ್ಣ ಕಾಲುವೆಯಲ್ಲಿ ಹರಿಯುತ್ತಿತ್ತು. ಸೀಗೆಕಾಯಿಯ ನೊರೆ, ಬೂದಿ, ಅನ್ನದ ಅಗುಳು, ಎಲ್ಲವೂ ಅದರ ಜೊತೆಗೆ ಹೊರಡುತ್ತಿದ್ದವು. ಆ ಕಾಲುವೆ ಮುಗಿಯುವಲ್ಲಿ ಅವ್ವನ ಗೆಣಸಿನ ಪಾತಿ.

ನನ್ನ ಅವ್ವ ಕೂತದ್ದನ್ನು ನೋಡಬೇಕೆಂದರೆ ಆ ಪಾತಿಗೇ ಹೋಗಬೇಕಿತ್ತು. ಮನೆಯೊಳಗೆ ಅವಳು ಯಾವಾಗಲೂ ನಿಂತಿರುತ್ತಿದ್ದಳು ಇಲ್ಲವೇ ನಡೆಯುತ್ತಿದ್ದಳು. ನನ್ನ ಜೊತೆ ಆಡುತ್ತಿದ್ದ ಮಾತುಗಳೂ ನಿಂತಲ್ಲೇ ಆಡುವಂಥವು, ತಾ, ಇಡು, ಒಲೆ ನೋಡು, ಕೋಳಿ ಓಡಿಸು. ಆದರೆ ಕಳೆ ಕೀಳುವ ಸಂಜೆಗಳಲ್ಲಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಪಾತಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಾಗ ಅವಳು ಬೇರೆಯೇ ಹೆಂಗಸಾಗುತ್ತಿದ್ದಳು. ಬಳ್ಳಿಯನ್ನು ಎತ್ತಿ ಬೇರುಬಿಟ್ಟ ಗೆಣ್ಣುಗಳನ್ನು ಬಿಡಿಸಿ ಮಗುಚಿ ಹಾಕುವುದನ್ನು ನನಗೆ ಕಲಿಸುತ್ತಿದ್ದಳು. ಮಣ್ಣು ಬಿರುಕು ಬಿಟ್ಟ ಕಡೆ ಬೆರಳು ಇಳಿಸಿ, ಇಲ್ಲೊಂದು ಕೂತಿದೆ ನೋಡು ಎಂದು ನನ್ನ ಬೆರಳನ್ನೂ ಹಿಡಿದು ಇಳಿಸುತ್ತಿದ್ದಳು. ಒಳಗೆ ತಣ್ಣಗೆ ಗಡ್ಡೆಯ ಬೆನ್ನು ತಾಕುತ್ತಿತ್ತು. ಒಲೆಯ ಬೂದಿಯಲ್ಲಿ ಸುಟ್ಟ ಮೊದಲ ಗೆಣಸು ಪ್ರತಿವರ್ಷ ನನಗೇ. ಅಪ್ಪನಿಗೂ ಇಲ್ಲ, ಅಜ್ಜಿಗೂ ಇಲ್ಲ. ಆ ಪಾತಿ ನನಗೆ ಸಿಕ್ಕ ಅವ್ವನ ಪಾಲು ಎಂದು ನಾನು ತೀರ್ಮಾನಿಸಿಕೊಂಡಿದ್ದೆ.

ಹೀಗಿರುವಾಗ ಚಿಕ್ಕಪ್ಪನಿಗೆ ಮದುವೆಯಾಯಿತು. ಚಿಕ್ಕಪ್ಪ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಬೆಳಗಿನ ಶಿಫ್ಟಿಗೆ ಕಂಪನಿ ಬಸ್ಸು ಬಂದು ಹಾರ್ನ್ ಹೊಡೆದರೆ ಅರ್ಧ ತಿಂದ ಮುದ್ದೆ ಬಿಟ್ಟು ಓಡುತ್ತಿದ್ದ. ಚಿಕ್ಕಮ್ಮ ವಸಂತ ಹೊಸೂರು ಟೌನಿನವಳು. ತೆಳ್ಳಗೆ, ಬೆಳ್ಳಗೆ, ಮಾತಿನ ನಡುನಡುವೆ ತಮಿಳು ಸೇರಿಸಿಕೊಂಡು ಮಾತಾಡುತ್ತಿದ್ದಳು. ಗಂಡನ ಮನೆಗೆ ಬಂದ ದಿನ ಅವಳ ಟ್ರಂಕಿನ ಮೇಲೆ ಒಂದು ಚೀಲವಿತ್ತು. ಅಜ್ಜಿ ಅದರೊಳಗೆ ಕೈಹಾಕಿ ಒಂದನ್ನು ಹೊರಗೆ ತೆಗೆದಳು. ಮಣ್ಣು ಮೆತ್ತಿದ, ಎರಡೂ ಕಡೆ ಚೂಪಾದ ಗಡ್ಡೆ. ಸೇರಿದ್ದ ಹೆಂಗಸರಿಗೆಲ್ಲ ತೋರಿಸಿ ಅಜ್ಜಿ ನಕ್ಕಳು.

"ಟೌನಿಂದ ನಮ್ಮೂರ್ಗೆ ಗೆಣಸು ಹೊತ್ಕೊಂಡ್ ಬಂದವ್ಳೆ. ಇಲ್ಲಿ ಬೆಳೆಯಾಕಿಲ್ಲ ಅಂದ್ಕೊಂಡ್ಲೇನೋ."

"ಗೆಣಸಲ್ಲ ಅತ್ತೆ, ಡೇಲಿಯಾ ಗಡ್ಡೆ. ನಮ್ಮಪ್ಪ ಇಕ್ಕಿದ್ದು" ಎಂದು ಚಿಕ್ಕಮ್ಮ ತಗ್ಗಿದ ದನಿಯಲ್ಲಿ ಹೇಳಿದಳು.

ಅವಳ ಅಪ್ಪ ಯಾವುದೋ ಕಂಪನಿಯ ತೋಟದಲ್ಲಿ ಮಾಲಿಯಾಗಿದ್ದವನು, ಮಗಳ ಮದುವೆಗೆ ಮೊದಲೇ ತೀರಿಕೊಂಡಿದ್ದ. ಅವನ ಮನೆಯ ಮುಂದಿನ ಗಿಡಗಳಿಂದ ಇವಳು ಕಿತ್ತು ತಂದದ್ದು ಅಷ್ಟೇ, ಅಪ್ಪನದೆಂದು ಬೇರೇನೂ ಅವಳ ಹತ್ತಿರ ಇರಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ದಿನ ನನಗೆ ಕಂಡದ್ದು ಇಷ್ಟೇ, ಅಜ್ಜಿಯ ಕೈಯಿಂದ ಆ ಗಡ್ಡೆಯನ್ನು ಅವ್ವ ಮೆಲ್ಲಗೆ ಬಿಡಿಸಿಕೊಂಡು ಚೀಲಕ್ಕೆ ವಾಪಸು ಹಾಕಿ ಬಾಯಿ ಕಟ್ಟಿದಳು. ಮೊದಲ ಮಳೆ ಬಿದ್ದಾಗ ಬಚ್ಚಲ ಕಾಲುವೆಯ ಇನ್ನೊಂದು ಬದಿಯಲ್ಲಿ ಬೇಲಿಗೆ ಹತ್ತಿರವಾಗಿ ಚಿಕ್ಕಮ್ಮನಿಗೆ ಒಂದು ಪಾತಿ ಅಗೆದುಕೊಟ್ಟವಳೂ ಅವ್ವನೇ. ಮನೆಗೆ ಬಂದ ಹೊಸಬಳಿಗೆ ತೋರಿಸುವ ಮರ್ಯಾದೆ ಎಂದುಕೊಂಡು ನಾನು ಸುಮ್ಮನಿದ್ದೆ.

ಡೇಲಿಯಾ ಹೂಬಿಟ್ಟ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಊಟದ ತಟ್ಟೆಯ ಅಗಲ, ಕುಂಕುಮದ ಕೆಂಪು, ಒಂದರೊಳಗೊಂದು ಮಡಿಸಿಟ್ಟಂಥ ಎಸಳು. ಬಸ್ಸಿಗೆ ಹೋಗುವವರು ಬಸ್ಸು ತಪ್ಪಿದರೂ ಚಿಂತೆಯಿಲ್ಲ ಎಂಬಂತೆ ಬೇಲಿಯ ಹತ್ತಿರ ನಿಂತುಬಿಡುತ್ತಿದ್ದರು. ತಮಿಳಿನವರು ತಮಿಳಿನಲ್ಲಿ, ತೆಲುಗಿನವರು ತೆಲುಗಿನಲ್ಲಿ, ನಮ್ಮವರು ಕನ್ನಡದಲ್ಲಿ ಹೊಗಳುತ್ತಿದ್ದರು. ಮೂರು ಭಾಷೆಯಲ್ಲೂ ಆ ಹೂವಿಗೆ ಹೊಗಳಿಕೆ ಸಿಕ್ಕಿತು, ಗೆಣಸಿಗೆ ಒಂದು ಭಾಷೆಯಲ್ಲೂ ಒಂದು ಮಾತಿಲ್ಲ. ಅಜ್ಜಿಯಂತೂ ಜಗಲಿಯ ಮೇಲಿಂದಲೇ ಕೂಗಿ, ನಮ್ಮ ಚಿಕ್ಕ ಸೊಸೆ ಇಕ್ಕಿದ್ದು ಎಂದು ದಾರಿಯವರಿಗೆಲ್ಲ ಹೇಳುತ್ತಿದ್ದಳು. ಅದೇ ಅಜ್ಜಿ ವರ್ಷವರ್ಷ ಹಿರಿಯ ಸೊಸೆಯ ಗೆಣಸು ತಿಂದು, ನಾರು ಜಾಸ್ತಿ ಎಂದದ್ದು ಬಿಟ್ಟರೆ ಬೇರೆ ಮಾತು ಆಡಿದವಳಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಹೂವು ಮುಡಿಯಲು ಬರುವುದಿಲ್ಲ, ಮಾಲೆ ಕಟ್ಟಲು ಬರುವುದಿಲ್ಲ, ವಾಸನೆಯಿಲ್ಲ, ಬೇಯಿಸಿದರೆ ಸಾರಾಗುವುದಿಲ್ಲ. ಅದಕ್ಕೆ ಇಷ್ಟೊಂದು ಮೆರೆತ ಯಾಕೆ? ಅದಕ್ಕೆ ಹುಳ ಹತ್ತಲಿ, ಇರುವೆ ಹತ್ತಲಿ, ಯಾರದಾದರೂ ಮೇಕೆ ಬೇಲಿ ನುಗ್ಗಲಿ ಎಂದು ಮನೆದೇವರಿಗೆ ದಿನಾ ಹೇಳಿಕೊಳ್ಳುತ್ತಿದ್ದೆ. ದೇವರು ಕೇಳಿಸಿಕೊಳ್ಳಲಿಲ್ಲ. ಮೇಕೆಯೊಂದು ಬಂತು ನಿಜ, ಅದು ನಮ್ಮ ಗೆಣಸಿನ ಸೊಪ್ಪು ತಿಂದು ಹೋಯಿತು.

ಗೆಣಸೂ ಹೂಬಿಡುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ತಿಳಿ ನೇರಳೆ ಬಣ್ಣದ, ಗಂಟಲಲ್ಲಿ ಕಡುಬಣ್ಣ ಇಟ್ಟುಕೊಂಡ ಸಣ್ಣ ಕೊಳವೆಯಂಥ ಹೂವು. ಎಲೆಯ ಸಂದಿಯಲ್ಲಿ ಮುಖ ಮುಚ್ಚಿಕೊಂಡು ಬಿಡುತ್ತದೆ. ಚಿಕ್ಕಮ್ಮ ಒಂದು ದಿನ ನಮ್ಮ ಸ್ಕೂಲಿನ ಟೀಚರಿಗೆ ಎಂದು ಡೇಲಿಯಾ ಕೊಟ್ಟು ಕಳಿಸಿದ್ದಳು. ನಾನು ಒಲ್ಲೆ ಎಂದದ್ದಕ್ಕೆ ಪಕ್ಕದ ಮನೆಯ ಹುಡುಗಿ ಒಯ್ದಿದ್ದಳು. ಅದು ಗ್ಲಾಸಿನ ನೀರಿನಲ್ಲಿ ವಾರವಿಡೀ ಟೀಚರ ಮೇಜಿನ ಮೇಲೆ ಕೂತಿತ್ತು. ಅದನ್ನು ನೋಡಲಾರದೆ ಒಂದು ಬೆಳಿಗ್ಗೆ ನಾನು ಗೆಣಸಿನ ಹೂ ಬಿಡಿಸಿ ಎಲೆಯಲ್ಲಿ ಸುತ್ತಿಕೊಂಡು ಹೋದೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅವೆಲ್ಲ ಒದ್ದೆ ಕಾಗದದ ಹಾಗೆ ಮುದುಡಿ ಒಂದಕ್ಕೊಂದು ಅಂಟಿಕೊಂಡಿದ್ದವು. ಟೀಚರು ಪೊಟ್ಟಣ ಬಿಚ್ಚಿ ನೋಡಿ, ಇದೇನು ಸೊಪ್ಪು ಎಂದು ಕೇಳಿದರು. ನಾನು ಬೆಂಚಿಗೆ ವಾಪಸು ಬಂದು ಕೂತೆ. ಅಳು ಬರುತ್ತಿತ್ತು, ಅತ್ತರೆ ಡೇಲಿಯಾ ಗೆದ್ದಹಾಗೆ ಎಂದು ಅಳಲಿಲ್ಲ.

ಅಷ್ಟರಲ್ಲಿ ಮಳೆ ಕೈಕೊಟ್ಟು ನೀರಿನ ಜಗಳ ಶುರುವಾಯಿತು. ಕಾಲುವೆ ಈಗ ಎರಡು ಕವಲಾಗಿತ್ತು. ಒಂದು ಗೆಣಸಿಗೆ, ಒಂದು ಡೇಲಿಯಾಗೆ. ಕವಲಿನ ಬಾಯಿಗೆ ಒಂದು ದೊಡ್ಡ ಮಣ್ಣಿನ ಹೆಂಟೆ. ಅದನ್ನು ಯಾವ ಬದಿಗೆ ಇಟ್ಟರೆ ಆ ಬದಿಗೆ ನೀರು ಬಂದ್. ಅಪ್ಪ ಮತ್ತು ಚಿಕ್ಕಪ್ಪ ಒಂದು ಸಂಜೆ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದಾಗ ಅಜ್ಜಿ ನಡುವೆ ಬಂದು ಪಂಚಾಯ್ತಿ ಮಾಡಿದಳು. ಒಂದು ದಿನ ಹಿರಿಯ ಸೊಸೆಯ ಪಾತಿಗೆ, ಮಾರನೆಯ ದಿನ ಕಿರಿಯವಳ ಪಾತಿಗೆ. ಸೊಸೆಯರಿಬ್ಬರೂ ಎದ್ದು ಒಲೆಯ ಕಡೆ ಹೋದರು. ಆದರೆ ನಾನು ಆ ತೀರ್ಪನ್ನು ಕೋರ್ಟಿನ ಆರ್ಡರಿನ ಹಾಗೆ ಹಿಡಿದುಕೊಂಡೆ. ಸ್ಕೂಲಿನಿಂದ ಬಂದವಳೇ ಚೀಲ ಬಿಸಾಡಿ ಹೆಂಟೆ ಸರಿಯಾದ ಬದಿಗಿದೆಯೇ ಎಂದು ನೋಡುವುದು ನನ್ನ ಕೆಲಸವಾಯಿತು. ಅದು ಯಾವಾಗಲೂ ಸರಿಯಾದ ಬದಿಗೇ ಇರುತ್ತಿತ್ತು. ಆದರೂ ನಮ್ಮ ಪಾಲಿನ ದಿನಗಳಲ್ಲೂ ಗೆಣಸಿನ ಎಲೆಗಳು ಮಧ್ಯಾಹ್ನಕ್ಕೆ ಜೋಲುಬಿದ್ದಿರುತ್ತಿದ್ದವು. ಆ ಕಡೆ ಡೇಲಿಯಾ ಮಾತ್ರ ಈಗತಾನೇ ಮಿಂದು ಬಂದವಳ ಹಾಗೆ ನಿಂತಿರುತ್ತಿತ್ತು. ನಮ್ಮ ಪಾತಿಯ ಮಣ್ಣಿಗೆ ಬೆರಳು ಇಳಿಸಿದರೆ ಪುಡಿಪುಡಿ, ಅವರದಕ್ಕೆ ಇಳಿಸಿದರೆ ಬೆರಳಿಗೆ ಕೆಸರು.

ಟೌನಿನವಳು ಕಳ್ಳಿ ಎಂದು ನನಗೆ ಖಾತ್ರಿಯಾಯಿತು. ಅವ್ವನಿಗೆ ಹೇಳಿದೆ. ಅವ್ವ ಅವರೆಕಾಯಿ ಸುಲಿಯುತ್ತಾ, ಸುಮ್ಕಿರು, ನಿನ್ ಕೆಲ್ಸ ನೋಡು ಎಂದಳು. ಅವಳ ಮೆತ್ತನೆಯ ಸ್ವಭಾವ ನೋಡಿ ನನಗೆ ಅವಳ ಮೇಲೆ ಮರುಕ ಉಕ್ಕಿತು. ಪಾಪ, ಬಾಯಿಲ್ಲದವಳು, ಇವಳ ಪರವಾಗಿ ನಾನೇ ಹೋರಾಡಬೇಕು. ಅವ್ವನ ಪಾಲಿನ ಹೊಟ್ಟೆಕಿಚ್ಚನ್ನೆಲ್ಲ ನಾನೇ ಪಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ನಮ್ಮ ಪಾಲಿನ ಒಂದು ದಿನ ಬೆಳ್ಳಂಬೆಳಗ್ಗೆ, ಚಿಕ್ಕಪ್ಪನ ಬಸ್ಸು ಹೋದ ಕೂಡಲೇ ಎದ್ದು ಹಿತ್ತಲಿನ ಸೌದೆ ರಾಶಿಯ ಹಿಂದೆ ಕೂತೆ. ಕಳ್ಳಿ ಕೈಗೆ ಸಿಕ್ಕರೆ ಅಜ್ಜಿಯನ್ನು ಕೂಗಿ ಕರೆಯುವುದೆಂದು ನಿರ್ಧರಿಸಿದ್ದೆ.

ಬಂದವಳು ಅವ್ವ. ಬಾಗಿ, ಹೆಂಟೆಯನ್ನು ಎರಡೂ ಕೈಯಲ್ಲಿ ಎತ್ತಿ ನಮ್ಮ ಕವಲಿನ ಬಾಯಿಗೆ ಇಟ್ಟಳು. ಅಂಚಿನ ಸಂದಿಗೆ ಒಂದಿಷ್ಟು ಕೆಸರನ್ನೂ ಒತ್ತಿದಳು, ಒಂದು ತೊಟ್ಟೂ ಈ ಕಡೆ ಬರಬಾರದು ಎಂಬಂತೆ. ಬಚ್ಚಲಿನಿಂದ ಬೆಳಗಿನ ನೀರು ಬಂದು ಕವಲಿನಲ್ಲಿ ಒಂದು ಗಳಿಗೆ ತಡೆದು, ಡೇಲಿಯಾದ ಕಡೆ ತಿರುಗಿತು. ಅವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಆ ಗಿಡದ ಎದುರು ಕೂತಳು. ನಮ್ಮ ಪಾತಿಯಲ್ಲಿ ಕೂರುವ ಹಾಗೆಯೇ, ಕುಕ್ಕರಗಾಲಿನಲ್ಲಿ. ಒಂದು ಹೂವಿನ ಗಲ್ಲ ಹಿಡಿದು ಮುಖ ಎತ್ತಿಸಿ ನೋಡಿದಳು. ಆಮೇಲೆ ನಕ್ಕಳು. ಅಲ್ಲಿ ಯಾರೂ ಇರಲಿಲ್ಲ, ನಗಿಸುವ ಮಾತೂ ಇರಲಿಲ್ಲ, ಅವಳು ಸುಮ್ಮನೆ ನಗುತ್ತಿದ್ದಳು. ನೀರು ನಿಂತ ಮೇಲೆ ಹೆಂಟೆಯನ್ನು ಮತ್ತೆ ಅದರ ಜಾಗಕ್ಕೆ ಇಟ್ಟು ಒಳಗೆ ಹೋದಳು.

ಸೌದೆಯ ಹಿಂದೆ ನನಗೆ ಕಾಲು ಜೋಮು ಹಿಡಿದಿತ್ತು. ನಾನು ಯಾರಿಗೋಸ್ಕರ ಇಷ್ಟು ದಿನ ಉರಿದೆನೋ ಅವಳಿಗೆ ಆ ಉರಿಯೇ ಇರಲಿಲ್ಲ. ಹಾಗಾದರೆ ಅದೆಲ್ಲ ನನ್ನದೇ. ಆ ಕೆಂಪು ಹೂವಿಗೆ ಸಿಕ್ಕಿದ ಆ ನಗು ನನಗೆ ಯಾವತ್ತೂ ಸಿಕ್ಕಿರಲಿಲ್ಲ. ನನಗೆ ಸುಟ್ಟ ಗೆಣಸು ಸಿಗುತ್ತಿತ್ತು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಸಿಗುತ್ತಿತ್ತು. ನನ್ನ ಗಲ್ಲ ಹಿಡಿದು ಎತ್ತಿ ಅವ್ವ ಹೀಗೆ ನಗುತ್ತಾ ನೋಡಿದ್ದು ನೆನಪಿಗೆ ಬರಲೇ ಇಲ್ಲ. ಎಷ್ಟು ಹುಡುಕಿದರೂ ಬರಲಿಲ್ಲ.

ಆಮೇಲೆ ನನ್ನ ಕಣ್ಣಿಗೆ ಬೀಳುತ್ತಿದ್ದುದೆಲ್ಲ ಅದೇ. ಅಡುಗೆಮನೆಯಲ್ಲಿ ಓರಗಿತ್ತಿಯರಿಬ್ಬರೂ ಹಿತಕಿದ ಅವರೆಗೆಂದು ಕಾಳು ಹಿಸುಕುತ್ತಾ ಕೂತರೆ ಅವ್ವನ ಬಾಯಲ್ಲಿ ಮಾತು ಅರಳುತ್ತಿತ್ತು. ಅವಳಿಗೆ ಇಷ್ಟೊಂದು ಮಾತು ಬರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ಅಕ್ಕಾ ಅಕ್ಕಾ ಎಂದು ಕರೆದು ತನ್ನ ಅಪ್ಪನ ತೋಟದ ಕಥೆ ಹೇಳುವಳು, ಅವ್ವ ಕಾಳು ಹಿಸುಕುವುದನ್ನು ನಿಲ್ಲಿಸಿ ಕೇಳುವಳು. ಭಾನುವಾರ ಚಿಕ್ಕಮ್ಮನ ತಲೆಗೆ ಅವ್ವ ಎಣ್ಣೆ ಒತ್ತುವಾಗ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ನನ್ನ ಸರದಿ ಬಂದಾಗ ಬಟ್ಟಲಿನ ತಳದಲ್ಲಿ ಉಳಿದದ್ದು ನನ್ನ ನೆತ್ತಿಗೆ. ಚಿಕ್ಕಮ್ಮ ನನ್ನನ್ನು ಮಂಜೂ ಎಂದು ಅಕ್ಕರೆಯಿಂದ ಕರೆದು ರಿಬ್ಬನ್ ಕಟ್ಟಲು ಬರುತ್ತಿದ್ದಳು, ನಾನು ಕೊಸರಿಕೊಂಡು ಹೋಗುತ್ತಿದ್ದೆ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಚಳಿಗೆ ಡೇಲಿಯಾ ಗಿಡಗಳು ಕರಗಿ ಕಂದುಬಣ್ಣದ ಕಡ್ಡಿಗಳಾದವು. ಹೀಗಾದ ಮೇಲೆ ಗಡ್ಡೆ ಕಿತ್ತು ಮರಳಿನಲ್ಲಿ ಇಟ್ಟು, ಮಳೆ ಬಂದಾಗ ಮತ್ತೆ ನೆಡಬೇಕಂತೆ. ಅದೇ ಹೊತ್ತಿಗೆ ನಮ್ಮ ಗೆಣಸೂ ಕೀಳುವ ಕಾಲ. ಅವ್ವ ಮತ್ತು ಚಿಕ್ಕಮ್ಮ ಒಟ್ಟಿಗೆ ಗುದ್ದಲಿ ಹಿಡಿದರು. ನಮ್ಮ ಪಾತಿಯಲ್ಲಿ ಸಿಕ್ಕಿದ್ದು ಹೆಬ್ಬೆರಳು ಗಾತ್ರದವು, ಅಜ್ಜಿ ನೋಡಿ, ಇಲಿಬಾಲ ಬೆಳೆದವ್ಳೆ ಎಂದಳು. ಡೇಲಿಯಾ ಗಡ್ಡೆಗಳಾದರೋ ಗೊಂಚಲು ಗೊಂಚಲು, ಒಂದೊಂದೂ ಕೈತುಂಬ. ಚಿಕ್ಕಮ್ಮ ಒಂದೊಂದಾಗಿ ಬಿಡಿಸಿ ಒರೆಸಿದಳು, ಅವ್ವ ಮರಳು ಜರಡಿ ಹಿಡಿದು ಒಂದು ಮಂಕರಿಯಲ್ಲಿ ಹಾಸಿ ಜೋಡಿಸಿದಳು. ನಮ್ಮ ಗೆಣಸನ್ನೂ ಇನ್ನೊಂದು ಮಂಕರಿಗೆ ತುಂಬಿ ಎರಡನ್ನೂ ಅಟ್ಟದ ಮೇಲೆ ಪಕ್ಕಪಕ್ಕ ಇಟ್ಟರು. ಸಂಕ್ರಾಂತಿಗೆ ಸ್ವಲ್ಪ ಮುಂಚೆ ಚಿಕ್ಕಮ್ಮ ಅವಳ ಅಪ್ಪನ ವರ್ಷದ ತಿಥಿಗೆಂದು ತವರಿಗೆ ಹೋದಳು. ಹಬ್ಬದ ಊಟದ ಹೊತ್ತಿಗೆ ಬರುತ್ತೇನೆಂದು ಹೇಳಿದ್ದಳು.

ನಮ್ಮ ಕಡೆ ಸಂಕ್ರಾಂತಿ ಎಂದರೆ ಹಂಡೆ ತುಂಬ ಗೆಣಸು, ಅವರೆಕಾಯಿ, ಕಡಲೆಕಾಯಿ ಒಟ್ಟಿಗೆ ಬೇಯಬೇಕು. ದೇವರಿಗೆ ಎಡೆ ಇಟ್ಟು, ದನಗಳಿಗೆ ತಿನ್ನಿಸಿ, ಆಮೇಲೆ ಮನೆಮಂದಿ ನಡುಮನೆಯಲ್ಲಿ ಸುತ್ತ ಕೂತು ತಿನ್ನಬೇಕು. ಆ ಬೆಳಿಗ್ಗೆ ಅವ್ವ ಅಪ್ಪನ ಜೊತೆ ದನ ತೊಳೆಯಲು ಕೆರೆಗೆ ಹೋಗಿದ್ದಳು, ಹಿಂದೆ ನಾನೂ ಹೋಗಿದ್ದೆ. ಮನೆಯಲ್ಲಿ ಉಳಿದ ಅಜ್ಜಿ ಒಲೆ ಹಚ್ಚಿ, ಅಟ್ಟದ ಮೇಲಿಂದ ಗೆಣಸು ಇಳಿಸು ಎಂದು ಚಿಕ್ಕಪ್ಪನಿಗೆ ಹೇಳಿದಳು. ಚಿಕ್ಕಪ್ಪ ಅಟ್ಟಕ್ಕೆ ಹತ್ತಿ, ಒಂದರಲ್ಲಿ ಇಲಿಬಾಲ, ಇನ್ನೊಂದರಲ್ಲಿ ದಪ್ಪ ದಪ್ಪ ಇರುವುದು ಕಂಡು, ಹಬ್ಬಕ್ಕೆ ಒಳ್ಳೆಯದೇ ಇರಲಿ ಎಂದು ದಪ್ಪದ್ದನ್ನು ಇಳಿಸಿಕೊಟ್ಟ. ತನ್ನ ಹೆಂಡತಿಯ ಗಡ್ಡೆ ಯಾವುದೆಂದು ಅವನು ಯಾವತ್ತೂ ನೋಡಿದವನಲ್ಲ, ಅವನು ಕಂಡದ್ದು ಹೂವನ್ನು ಮಾತ್ರ. ಅಜ್ಜಿ ಮಂದಗಣ್ಣಿನಲ್ಲಿ ತೊಳೆದು ಹಂಡೆಗೆ ಸುರಿದಳು. ನಾವು ಬರುವ ಹೊತ್ತಿಗೆ ಹಂಡೆ ಇಳಿದಿತ್ತು, ಎಡೆಯೂ ಮುಗಿದಿತ್ತು.

ಚಿಕ್ಕಮ್ಮ ಬಸ್ಸಿಳಿದು ಬಂದು ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದಳು. ಒಳಗೆ ಅಪ್ಪ ಮೊದಲ ತುತ್ತು ಬಾಯಿಗೆ ಹಾಕಿ, ಅಗಿದು, ಮುಖ ಹಿಂಡಿದ.

"ಇದ್ಯಾವ್ ಗೆಣಸ್ಲಾ ತಂದೆ? ಬರೀ ನೀರು. ಕೊನೆಗೆ ಕಹಿ ಬೇರೆ ಒಡೀತದೆ."

ಚಿಕ್ಕಪ್ಪ ಅಟ್ಟದ್ದೇ ಕಣಣ್ಣ ಎಂದ. ಆಗ ಒಳಗೆ ಬಂದ ಚಿಕ್ಕಮ್ಮ ಬಾಗಿ ಮೊರದಿಂದ ಒಂದನ್ನು ಎತ್ತಿಕೊಂಡಳು. ಬೆಂದು ಸಿಪ್ಪೆ ಬಿರಿದಿತ್ತು. ಅದರ ತುದಿಯ ಸಣ್ಣ ಕತ್ತನ್ನು ಬೆರಳಿನಿಂದ ಮುಟ್ಟಿದಳು. ಗೆಣಸಿಗೆ ಆ ಕತ್ತು ಇರುವುದಿಲ್ಲ. ಮೊರದ ಮುಂದೆ ಹಾಗೆಯೇ ಕುಸಿದು ಕೂತಳು. ಅವ್ವ ಎದ್ದು ಅಟ್ಟಕ್ಕೆ ಹೋಗಿ ನೋಡಿ ಬಂದು ಗೋಡೆಗೆ ಒರಗಿ ನಿಂತಳು. ಅಜ್ಜಿಗೆ ಏನಾಗಿದೆ ಎಂದು ಅರ್ಥವಾಗಲು ತಡವಾಯಿತು. ಅರ್ಥವಾದ ಮೇಲೆ ತಪ್ಪು ತನ್ನ ತಲೆಗೆ ಬರುವುದನ್ನು ಅವಳು ತಡೆಯಲೇಬೇಕಿತ್ತು.

"ನಂಗೆ ಕಣ್ ಕಾಣಾಕಿಲ್ಲ, ಸರಿ. ಗೆಣಸಿನ್ ಪಕ್ಕದಾಗೆ ತಂದು ಇಕ್ಕಿದ್ದೋರು ಯಾರು? ಒಟ್ಟೆಕಿಚ್ಚು ಕಣಮ್ಮ ವಸಂತ. ನಿನ್ ಹೂವ ಜನ ನೋಡ್ತಾರೆ, ಇವಳ್ದ ನೋಡಾಕಿಲ್ಲ. ಬೇಯ್ಲಿ ಅಂತ್ಲೇ ಇಕ್ಕವ್ಳೆ."

ನಡುಮನೆಯಲ್ಲಿ ಎಲ್ಲರೂ ಅವ್ವನ ಕಡೆ ನೋಡಿದರು. ಅಪ್ಪನೂ ನೋಡಿದ. ಚಿಕ್ಕಮ್ಮ ಕಣ್ಣು ತುಂಬಿಕೊಂಡು ಅವ್ವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಅನುಮಾನ ಮೂಡುತ್ತಿರುವುದು ನನಗೆ ಕಾಣಿಸಿತು. ಅವ್ವ ಬಾಯಿ ತೆರೆಯಲಿಲ್ಲ. ತನ್ನ ಪರವಾಗಿ ಮಾತಾಡಿಕೊಳ್ಳುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಒಂದು ಕ್ಷಣ, ನಿಜವಾಗಿ ಹೇಳುತ್ತೇನೆ, ನನಗೆ ಹಿತವಾಯಿತು. ಇನ್ನು ಇವರಿಬ್ಬರೂ ಮಾತಾಡುವುದಿಲ್ಲ, ಎಣ್ಣೆಯ ಬಟ್ಟಲು ನನಗೇ ಬರುತ್ತದೆ, ಅವ್ವ ಮತ್ತೆ ನಮ್ಮ ಪಾತಿಗೆ ಬಂದು ಕೂರುತ್ತಾಳೆ. ಸುಮ್ಮನಿದ್ದರೆ ಸಾಕಿತ್ತು. ಆದರೆ ಅವ್ವನಿಗೆ ಹೊಟ್ಟೆಕಿಚ್ಚು ಎಂದು ಅಜ್ಜಿ ಹೇಳಿದಳಲ್ಲ, ಅದನ್ನು ನನ್ನಿಂದ ಕೇಳಲಾಗಲಿಲ್ಲ. ಅದು ಯಾರದೆಂದು ನನಗೆ ಗೊತ್ತಿತ್ತು.

"ಅವ್ವಂಗೆ ಒಟ್ಟೆಕಿಚ್ಚಿಲ್ಲ ಅಜ್ಜಿ. ನಮ್ ಪಾಲಿನ್ ನೀರ್ನೂ ಚಿಕ್ಕಮ್ಮನ ಹೂವಿಗೇ ತಿರುಗಿಸ್ತಿದ್ಲು. ಬೆಳ್ಗಾನೆ ಎದ್ದು. ನಾನೇ ನೋಡಿವ್ನಿ. ಅದಕ್ಕೇ ನಮ್ ಗೆಣಸು ಇಲಿಬಾಲ ಆಗಿದ್ದು."

ಚಿಕ್ಕಮ್ಮ ಎದ್ದು ಹೋಗಿ ಅವ್ವನ ಹೆಗಲಿಗೆ ಮುಖವಿಟ್ಟು, ಅಕ್ಕಾ ಎಂದು ಬಿಕ್ಕಿದಳು. ಅವ್ವ ಅವಳನ್ನು ಹಿಡಿದುಕೊಂಡಳು, ತಾನೂ ಅತ್ತಳು. ಅವಳ ಹೆಗಲ ಮೇಲಿಂದ ನನ್ನ ಕಡೆ ಒಮ್ಮೆ ನೋಡಿದಳು. ಮಗಳು ಕಾಪಾಡಿದಳು ಎಂಬ ನೋಟವಾಗಿರಲಿಲ್ಲ ಅದು. ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡದ್ದನ್ನು ಎಲ್ಲರೆದುರು ಬಿಚ್ಚಿ ಚೆಲ್ಲಿದವಳನ್ನು ನೋಡುವ ಹಾಗೆ ನೋಡಿದಳು. ಅಜ್ಜಿ ಏನನ್ನೋ ತೆಲುಗಿನಲ್ಲಿ ಗೊಣಗಿಕೊಂಡು ದನದ ಕೊಟ್ಟಿಗೆಗೆ ಹೋದಳು, ಅವಳಿಗೆ ಸೋಲು ಬಂದಾಗಲೆಲ್ಲ ತವರಿನ ತೆಲುಗೇ ಬಾಯಿಗೆ ಬರುತ್ತಿತ್ತು. ಗಂಡಸರು ಕಡಲೆಕಾಯಿಗೆ ಕೈಹಾಕಿದರು. ಮೊರದ ಮುಂದೆ ಉಳಿದವಳು ನಾನೊಬ್ಬಳೇ. ಒಂದು ಡೇಲಿಯಾ ಗಡ್ಡೆ ತೆಗೆದುಕೊಂಡು ಕಚ್ಚಿದೆ. ಅಪ್ಪ ಹೇಳಿದ್ದು ನಿಜ. ಸಿಹಿಯಿಲ್ಲ, ಹಿಟ್ಟಿಲ್ಲ, ನೀರು, ಕೊನೆಯಲ್ಲಿ ಸಣ್ಣ ಕಹಿ. ನಮ್ಮ ಗೆಣಸಿಗೆ ಬರಬೇಕಾಗಿದ್ದ ನೀರೆಲ್ಲ ಇದರಲ್ಲಿ ಇದೆಯೆಂದು ನೆನೆದು, ಹಟದಿಂದ ಪೂರ್ತಿ ತಿಂದೆ.

ಕಥೆ ಅಲ್ಲಿಗೆ ಮುಗಿದಿದ್ದರೆ ನನಗೆ ಸ್ವಲ್ಪವಾದರೂ ನ್ಯಾಯ ಸಿಗುತ್ತಿತ್ತು. ಮಳೆ ಬಿದ್ದ ಮೇಲೆ ನಮ್ಮ ಗೆಣಸಿನ ಪಾತಿಯ ಅಂಚಿನಲ್ಲಿ ಕೆಂಪು ಛಾಯೆಯ ದಪ್ಪ ಚಿಗುರೊಂದು ಮಣ್ಣು ಎತ್ತಿಕೊಂಡು ಬಂತು. ಡೇಲಿಯಾದ ಗೊಂಚಲೊಂದು ಕಾಲುವೆಯ ಅಡಿಯಲ್ಲಿ ಈ ಕಡೆಗೆ ಹಾದು ಗುದ್ದಲಿಗೆ ಸಿಗದೆ ಉಳಿದುಕೊಂಡಿತ್ತು. ಚಿಕ್ಕಮ್ಮ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಅಲುಗಿಸಿದರೆ ಸಾಯುತ್ತದೆಂದು ಅವ್ವ ಅದರ ಸುತ್ತ ಮುಳ್ಳು ಇಟ್ಟು, ಆ ವರ್ಷ ಗೆಣಸಿನ ಬಳ್ಳಿಯನ್ನೇ ನೆಡಲಿಲ್ಲ. ನಮ್ಮ ಪಾತಿಯೂ ಹೋಯಿತು.

ಆಮೇಲೆ ಮದುವೆಯಾಗಿ ನಾನು ಹೊಸೂರಿಗೆ ಬಂದೆ. ಚಿಕ್ಕಪ್ಪ ಚಿಕ್ಕಮ್ಮ ಈಗ ಕೃಷ್ಣಗಿರಿಯಲ್ಲಿ ಮಗನ ಜೊತೆ ಇದ್ದಾರೆ. ಆ ಒಂದು ಗೊಂಚಲಿನಿಂದ ಬೆಳೆಸಿದ ಗಡ್ಡೆಗಳಲ್ಲಿ ಕೆಲವನ್ನು ಚಿಕ್ಕಮ್ಮ ಪ್ರತಿವರ್ಷ ಮರಳಿನಲ್ಲಿ ಕಟ್ಟಿ ನಮ್ಮ ಮನೆಗೆ ಕಳಿಸುತ್ತಾಳೆ. ನನಗಲ್ಲ, ಅವ್ವನಿಗೆ. ಮಂಡಿ ಆಪರೇಷನ್ ಆದಾಗಿನಿಂದ ಅವ್ವ ನಮ್ಮ ಜೊತೆಗೇ ಇದ್ದಾಳೆ. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದರೂ ಬೆಳಿಗ್ಗೆ ಗೋಡೆ ಹಿಡಿದುಕೊಂಡು ತಾರಸಿಗೆ ಹತ್ತುತ್ತಾಳೆ. ಕೈಯಲ್ಲಿ ಒಂದು ಚೊಂಬು ನೀರು. ಅದು ಡೇಲಿಯಾಗೆ. ಗೆಣಸಿನ ಡ್ರಮ್ಮಿಗೆ ನಾನು ಪೈಪ್ ಬಿಡುತ್ತೇನೆ.

ಮೊನ್ನೆ ಅವಳ ಜೊತೆ ನಾನೂ ಹತ್ತಿದೆ. ಅವಳು ಹೂವಿನ ಗಲ್ಲ ಹಿಡಿದು ಮುಖ ಎತ್ತಿಸಿ ನೋಡಿದಳು, ಅದೇ ಕೈ, ಅದೇ ನಗು. ನನಗೆ ವಯಸ್ಸಾಗಿದೆ, ಕನ್ನಡಕ ಬಂದಿದೆ, ಮಗಳಿಗೆ ಮದುವೆ ಮಾಡಿದ್ದೇನೆ, ಆದರೂ ಸೌದೆ ರಾಶಿಯ ಹಿಂದೆ ಕೂತ ಹಾಗೆಯೇ ಆಯಿತು. ಇಷ್ಟು ವರ್ಷ ಕೇಳದೇ ಇದ್ದುದನ್ನು ಕೇಳಿಬಿಟ್ಟೆ.

"ಅವ್ವ, ಆವಾಗ ನಮ್ ಪಾಲಿನ್ ನೀರ್ನೂ ಯಾಕೆ ಅದಕ್ಕೇ ಬುಡ್ತಿದ್ದೆ?"

ಅವಳಿಗೆ ನೆನಪಿರಲಾರದು ಎಂದುಕೊಂಡಿದ್ದೆ. ಅವಳು ಯೋಚಿಸಲೂ ಇಲ್ಲ.

"ಅಪ್ಪನ್ನ ಕಳ್ಕೊಂಡ್ ಬಂದ ಹುಡ್ಗಿ ಕಣೆ ಅವ್ಳು. ಆ ಗಿಡ ಒಂದಿನ ಬುಟ್ರೆ ತಲೆ ಬಗ್ಗಿಸ್ಬುಡ್ತದೆ. ಗೆಣಸು ನೀರಿಲ್ದಿದ್ರೂ ಎಂಗೋ ಬತ್ತದೆ. ಅದ್ರ ಯೋಚ್ನೆ ನಂಗಿರ್ಲಿಲ್ಲ."

ಅವಳು ಅದನ್ನು ಹೊಗಳಿಕೆಯ ಹಾಗೆ ಹೇಳಿದಳು. ಹೊಗಳಿಕೆಯೇ ಇರಬಹುದು.

"ಬತ್ತದೆ, ಸರಿ. ಬಾಯಾರಾಕಿಲ್ವಾ ಅದಕ್ಕೆ?"

ಅವ್ವ ತಿರುಗಿ ನನ್ನ ಮುಖ ನೋಡಿದಳು. ಹೂವಿನ ಮೇಲಿದ್ದ ಕೈ ಕೆಳಗೆ ಬಂತು. ಆಮೇಲೆ ಗೋಡೆ ಹಿಡಿದು, ಬಾಗಲಾರದ ಮಂಡಿಯನ್ನು ಬಾಗಿಸಿ ಡ್ರಮ್ಮಿನ ಅಂಚಿನಲ್ಲಿ ಕೂತು, ಚೊಂಬಿನಲ್ಲಿ ಉಳಿದಿದ್ದ ನೀರನ್ನು ಬಳ್ಳಿಯ ಬುಡಕ್ಕೆ ಸಣ್ಣಗೆ ಬಿಡತೊಡಗಿದಳು.

"ಜಾಸ್ತಿ ಹುಯ್ದ್ರೆ ಬರೀ ಬಳ್ಳಿ ಆಯ್ತದೆ ಮಗ, ಗಡ್ಡೆ ಇಳಿಯಾಕಿಲ್ಲ" ಎಂದಳು.

"ಬಳ್ಳಿನೇ ಆಗ್ಲಿ, ಹುಯ್ಯವ್ವ" ಎಂದೆ.